ಒಣಕಂಟಿ ಅಂತ ಕಡಿದ ಗುಗ್ಗುಳ

ತೋಳ ಎರಡು ಮರಿ ಹೊತ್ತೊಯ್ದ ಮೇಲೆ ಬಿಬಿಜಾನಳಿಗೆ ಕಣ್ಣಿಗೆ ನಿದ್ದೆ ಇಲ್ಲ. ಝಳಕಿ ಹತ್ತಿರದ ಊರವಳು, ಆಡು ಸಾಕಿಯೇ ಸಂಸಾರ ತೂಗಿಸುವವಳು. ಉಳಿದ ಏಳು ಮರಿ ಕೂಡುವ ದಡ್ಡಿಗಾದರೂ ಗಟ್ಟಿ ಬೇಲಿ ಬೇಕು. ಪ್ರತಿ ಬೇಸಿಗೆಯಂತೆ ಈ ಸಲವೂ ಕೊಡಲಿ ಹಿಡಿದು ಗೈರಾಣಕ್ಕೆ, ಅಂದರೆ ಊರ ದನ ಮೇಯುವ ಕಲ್ಲುನೆಲಕ್ಕೆ ಹೋದಳು. ಒಣಗಿದ ಮುಳ್ಳುಕಂಟಿ ಕಡಿದು ಬೇಲಿಗೆ ಒಗೆಯುವುದು ಅಲ್ಲಿಯ ರೂಢಿ. ಹಸಿ ಗಿಡ ಕಡಿದರೆ ಪಾಪ, ಒಣಗಿದ್ದಕ್ಕೆ ಯಾರ ಹಂಗು?

ಒಂದು ಕಂಟಿಯ ಎರಡು ಟೊಂಗೆ ಕಡಿದಳು. ಮೂರನೆಯದಕ್ಕೆ ಕೊಡಲಿ ಎತ್ತಿದವಳು ಹಾಗೇ ನಿಂತಳು. ಘಮ್ಮನೆ ವಾಸನೆ. ಒಣ ಕಟ್ಟಿಗೆಗೆ ಎಲ್ಲಿಯ ಪರಿಮಳ ಬಂತಪ್ಪ?

ಅಷ್ಟರಲ್ಲಿ ಪಕ್ಕದ ಮನೆಯ ಯಲ್ಲವ್ವ ಅರಣ್ಯ ಇಲಾಖೆಯ ನರ್ಸರಿ ಕೆಲಸ ಮುಗಿಸಿ ಅದೇ ದಾರಿಯಲ್ಲಿ ಬಂದಳು.

"ಯಕ್ಕಾ, ಕೊಡ್ಲಿ ಕೆಳಗಿಡು. ಅದು ಗುಗ್ಗುಳ."

"ಬಾಣಂತಿಗೆ ಹೊಗಿ ಹಾಕ್ತೇವಲ್ಲ, ಆ ಗುಗ್ಗುಳ? ಹುಚ್ಚಿ, ಅದು ಅಂಗಡ್ಯಾಗ ಸಿಗೂದು. ಇದು ಸತ್ತು ಎಷ್ಟು ದಿನಾತೋ ಏನೋ, ಒಂದ ಎಲಿ ಇಲ್ಲ."

"ಅಂಗೈ ಹುಣ್ಣಿಗೆ ಕನ್ನಡಿ ಯಾಕಬೇ? ಉಗುರಿಲೆ ಕೆರದು ನೋಡು."

ಬಿಬಿಜಾನ ಕೆರೆದಳು. ಬೂದಿಬಣ್ಣದ ಸಿಪ್ಪೆ ಹಾಳೆಯಂತೆ ಎದ್ದಿತು. ಒಳಗೆ ಹಚ್ಚಹಸಿರು.

"ಬ್ಯಾಸಗ್ಯಾಗ ಎಲಿ ಉದುರಿಸಿ ಕುಂದರತೈತಿ, ಮಳಿ ಬಿದ್ರ ಚಿಗರತೈತಿ. ನಾವು ಹೊಗಿ ಹಾಕೂದು ಇದರ ಅಂಟು. ಆ ಅಂಟಿನ ಆಸೆಕ್ಕ ಆಳವಾಗಿ ಕೆತ್ತಿ ಕೆತ್ತಿ ಮಂದಿ ಇದನ್ನ ಕೊಂದಾರ. ಇನ್ನೇನು ಇಲ್ಲದಂಗ ಆಗೂ ಗಿಡಗಳ ಪಟ್ಯಾಗ ಇದೂ ಐತಿ."

"ಮತ್ತ ಇಲ್ಲಿದ್ದ ಉಳದವು ಎಲ್ಲಿ ಹೋದ್ವು?"

ಕೇಳಿದ ಮೇಲೆ ಬಿಬಿಜಾನಳಿಗೇ ಹೊಳೆಯಿತು. ಹೋದ ವರ್ಷ ಎರಡು, ಅದರ ಹಿಂದಿನ ವರ್ಷ ಮೂರು. ಎಲ್ಲ ಅವಳ ಬೇಲಿಗೆ, ಆಮೇಲೆ ಅವಳ ಒಲೆಗೆ. ಇಬ್ಬರೂ ಗೈರಾಣವೆಲ್ಲ ತಿರುಗಿದರು. ಇನ್ನೊಂದು ಸಿಗಲಿಲ್ಲ.

"ಹಂಗಾರ ನನ್ನ ಮರಿ ತೋಳಕ್ಕ ಕೊಡ್ಲೇನು?" ಎಂದಳು. ಸಿಟ್ಟೂ ಅಳುವೂ ಒಟ್ಟಿಗೇ ಬಂದಿತ್ತು.

"ಬಳ್ಳಾರಿ ಜಾಲಿ ಬೇಕಾದಷ್ಟು ಬೆಳದೈತಿ, ಅದನ್ನ ಕಡಿ. ಈ ಎರಡು ಟೊಂಗಿ ನನಗ ಕೊಡು. ತುಂಡು ಮಾಡಿ ನರ್ಸರ್ಯಾಗ ಹಚ್ಚತೇನಿ. ಮಳಿ ಹಿಡದ ಮ್ಯಾಲೆ ನಿನ್ನ ದಡ್ಡಿ ಸುತ್ತ ನೆಡೂಣು."

ಗಂಡ ಫಕ್ರುದ್ದೀನ ನಕ್ಕ. "ಕೋಲು ನೆಟ್ಟು ಗಿಡ ಬೆಳಸ್ತಾಳಂತ."

ಆದರೂ ಜಾಲಿ ಕಡಿದು ದಡ್ಡಿಗೆ ಬೇಲಿ ಕಟ್ಟಿದ. ಅದೇ ವಾರ ತೋಳ ಬಂತು, ಒಳಗೆ ನುಗ್ಗಲಾಗದೆ ಬಂದ ದಾರಿಗೆ ಸುಂಕವಿಲ್ಲ ಅಂತ ಹೋಯಿತು. ಬಿಬಿಜಾನಳಿಗೆ ಮಾತ್ರ ನರ್ಸರಿಯದೇ ಧ್ಯಾನ. ದಿನಾ ಹೋಗಿ ಕೋಲು ಕೆರೆದು ನೋಡುವಳು. "ಕೆರದು ಕೆರದು ನೀನ ಸಾಯಸ್ತಿ ನೋಡು," ಎಂದು ಯಲ್ಲವ್ವ ಗದರಿದಳು. ಹನ್ನೊಂದು ನೆಟ್ಟಿದ್ದರಲ್ಲಿ ಆರು ಚಿಗುರಿದವು. ಮಳೆಗಾಲದಲ್ಲಿ ಅವನ್ನು ದಡ್ಡಿಯ ಹೊರಗೆ ನೆಟ್ಟು, ಆಡು ಬಾಯಿ ಹಾಕದಂತೆ ಮುಳ್ಳು ಕಟ್ಟಿದವನು ಫಕ್ರುದ್ದೀನನೇ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೀಮೆಯ ಅಕ್ಕಂದಿರೇ, ಅಣ್ಣಂದಿರೇ, ಬೇಸಿಗೆಯಲ್ಲಿ ಬೋಳಾಗಿ ನಿಂತದ್ದೆಲ್ಲ ಸತ್ತದ್ದಲ್ಲ. ಕಡಿಯುವ ಮುನ್ನ ಸಿಪ್ಪೆ ಕೆರೆದು ನೋಡಿ. ಹಸಿರು ಕಂಡರೆ ಬಿಟ್ಟುಬಿಡಿ. ಅಂಟಿಗಾಗಿ ಕೆತ್ತಬೇಡಿ. ಗುಗ್ಗುಳ ಅನಿಸಿದರೆ ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ. ಬಿಬಿಜಾನಳ ಊರಲ್ಲಿ ಒಂದೇ ಉಳಿದಿತ್ತು. ನಿಮ್ಮೂರಲ್ಲಿ ಎಷ್ಟಿವೆ? ಕೊಡಲಿ ಮನೆಯಲ್ಲಿಟ್ಟು ಒಮ್ಮೆ ಹೋಗಿ ನೋಡಿ ಬನ್ನಿ.