ಹಿಡಿಕೆ ಇಲ್ಲದ ಮನೆ

ಲೋಕದ ಜನ ಮನೆ ತುಂಬಿಸಿ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ. ಇವನು ಮನೆ ಖಾಲಿ ಮಾಡಿಸಿ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದ. ಒಳಾಂಗಣ ವಿನ್ಯಾಸ ಅವನ ಕಸುಬು. ಹತ್ತು ಕುರ್ಚಿ ಇದ್ದಲ್ಲಿ ಎರಡು, ಎರಡಿದ್ದಲ್ಲಿ ಒಂದು, ಒಂದೇ ಇದ್ದಲ್ಲಿ ‘ನೆಲದ ಮೇಲೆ ಕೂತರೆ ಬೆನ್ನಿಗೆ ಒಳ್ಳೇದು’ ಎಂಬ ಉಪದೇಶ. ‘ಬೇಕು ಅನ್ನೋದು ರೋಗ, ಸಾಕು ಅನ್ನೋದು ಮದ್ದು’ ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ಮದ್ದಿನ ಬೆಲೆ ಮಾತ್ರ ಸಾಕೋಸಾಕು ಅನ್ನುವಷ್ಟಿತ್ತು. ಕೆಲಸದವರು ಬೆನ್ನ ಹಿಂದೆ ಅವನನ್ನು ಖಾಲಿ ಸಾಹೇಬ ಎನ್ನುತ್ತಿದ್ದರು. ಮದುವೆಯನ್ನೂ ಬೇಡದ ಸಾಮಾನಿನ ಪಟ್ಟಿಗೆ ಸೇರಿಸಿ ವರ್ಷಗಳಾಗಿದ್ದವು. ಮನೆಯಲ್ಲಿ ಉಳಿದವರು ಅವನು ಮತ್ತು ಅವನ ಅಮ್ಮ.

ಅಮ್ಮ ನಲವತ್ತು ವರ್ಷ ಊರವರ ಬಟ್ಟೆ ಹೊಲಿದು ಮಗನನ್ನು ಓದಿಸಿದವಳು. ಈಗ ಕಣ್ಣಿನ ನರ ಒಣಗಿತ್ತು. ಬೆಳಕು ಯಾವ ಕಡೆ, ಕತ್ತಲು ಯಾವ ಕಡೆ ಎನ್ನುವುದಷ್ಟೇ ಗೊತ್ತಾಗುತ್ತಿತ್ತು. ಇದಕ್ಕೆ ಔಷಧಿ ಇಲ್ಲವೆಂದು ಡಾಕ್ಟರು ಹೇಳಿದ್ದರು. ನೋಡಿಕೊಳ್ಳಲು ಒಬ್ಬ ಆಯಾಳನ್ನು ಇಡೋಣ ಎಂದು ಮಗ ಅಂದಾಗ ಅಮ್ಮ ಸಿಡಿದಿದ್ದಳು.

“ಬಚ್ಚಲಿಗೆ ನಾನೇ ಎದ್ದು ಹೋಗೋವರೆಗೂ ನಾನು ನಿನ್ನಮ್ಮ ಕಣೋ. ಯಾರೋ ಕೈ ಹಿಡಿದು ಕರ್ಕೊಂಡು ಹೋದ ದಿನ ನಾನೂ ಒಂದು ಸಾಮಾನು. ಆಮೇಲೆ ನನ್ನನ್ನೂ ನಿನ್ನ ಪಟ್ಟಿಗೆ ಸೇರಿಸ್ಕೋ.”

ಅವಳು ಹೋಗುತ್ತಲೂ ಇದ್ದಳು. ಮಂಚ ಬಿಟ್ಟರೆ ಕುರ್ಚಿಯ ಬೆನ್ನು, ಅಲ್ಲಿಂದ ಹೊಲಿಗೆ ಯಂತ್ರದ ಅಂಚು, ಕೋಣೆಯ ಬಾಗಿಲು ದಾಟಿದರೆ ಮನೆಯೊಳಗಿನ ಓಣಿಯಲ್ಲಿ ಎಡಕ್ಕೆ ಬೀರುವಿನ ಹಿಡಿಕೆ, ಅದರ ಪಕ್ಕದಲ್ಲೇ ಬಚ್ಚಲು. ಮನೆ ಅವಳ ಅಂಗೈಯಲ್ಲಿತ್ತು.

ಆದರೆ ಗಿರಾಕಿಗಳು ಮೊದಲು ಬಂದು ನೋಡುತ್ತಿದ್ದುದು ಅವನ ಮನೆಯನ್ನೇ. ವೈದ್ಯನ ಮನೆಯಲ್ಲೇ ಕೆಮ್ಮು ಕೇಳಿಸಿದರೆ ಹೇಗೆ? ಕುರ್ಚಿ ಹೋಯಿತು. ಹೊಲಿಗೆ ಯಂತ್ರ ಹೋಯಿತು. ಬೀರು ಗೋಡೆಯೊಳಗೆ ಸೇರಿ ಹಿಡಿಕೆಯಿಲ್ಲದ ಬಿಳಿ ಹಲಗೆಯಾಯಿತು. ಒತ್ತಿದರೆ ತೆರೆಯುತ್ತದೆ, ಒತ್ತಬೇಕಾದ ಜಾಗ ಗೊತ್ತಿದ್ದರೆ. ಓಣಿಯಿಂದ ಎರಡು ಮೆಟ್ಟಿಲು ತಗ್ಗಿನಲ್ಲಿದ್ದ ಹಾಲಿಗೆ ಬೀಳದಂತೆ ಹಾಕಿದ್ದ ಕಟಕಟೆಯೂ ‘ನೋಟಕ್ಕೆ ಅಡ್ಡ’ ಎಂದು ಹೋಯಿತು. ಪ್ರತಿಸಲ ಅಮ್ಮನನ್ನು ಕೇಳಿಯೇ ತೆಗೆಸಿದ್ದ. ಅಮ್ಮ ಪ್ರತಿಸಲ “ತೆಗಿ, ನನಗೇನು” ಎಂದಿದ್ದಳು. ಹೊಟ್ಟೆಪಾಡು ಎಂದರೇನೆಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಒಂದು ದಿನ ಮಾತ್ರ ಬರಿ ನೆಲದ ಮೇಲೆ ಕೂತು, “ಮಗಾ, ಈ ಮನೆಗೆ ಕಳ್ಳ ನುಗ್ಗಿದ್ರೆ ಪಾಪ ಅನ್ಸಿ ಅವನೇ ಏನಾದ್ರೂ ಇಟ್ಟು ಹೋಗ್ತಾನೆ” ಅಂದಳು. ಮಗ ನಕ್ಕು, ಆ ಮಾತನ್ನು ಗಿರಾಕಿಗಳಿಗೂ ಹೇಳಿ ನಗಿಸಿದ.

ಬಿಳಿ ಗೋಡೆ ಅಂದರೆ ಬಿಳಿ ಆನೆ ಸಾಕಿದ ಹಾಗೆ. ಬೆರಳು ತಾಗಿದರೂ ಗುರುತು ಬೀಳುತ್ತದೆ. ಅದಕ್ಕೆ ತಿಂಗಳಿಗೊಮ್ಮೆ ಪೇಂಟರು ಬಂದು ಕಲೆ ಮುಚ್ಚಿ ಹೋಗುತ್ತಿದ್ದ. ಮಗ ಇಲ್ಲದ ಹೊತ್ತಿನಲ್ಲಿ ಅವನಿಗೂ ಅಮ್ಮನಿಗೂ ಹರಟೆಯೋ ಹರಟೆ.

ಒಳಾಂಗಣದ ದೊಡ್ಡ ಪತ್ರಿಕೆಯೊಂದು ಅವನ ಮನೆಯ ಫೋಟೋ ಹಾಕುತ್ತೇವೆ ಎಂದಿತು. ಫೋಟೋ ತೆಗೆಯುವ ಹಿಂದಿನ ದಿನ ಪೇಂಟರನ್ನು ಕರೆಸಿದ. ಸಂಜೆ ನಾಲ್ಕರ ಓರೆ ಬಿಸಿಲು ಓಣಿಯ ಗೋಡೆಗೆ ಬಿದ್ದಾಗ ಖಾಲಿ ಸಾಹೇಬ ಹೆಜ್ಜೆ ನಿಲ್ಲಿಸಿದ. ಸೊಂಟದೆತ್ತರದಲ್ಲಿ ಸಾಲಾಗಿ ಗುಳ್ಳೆ ಎದ್ದಂತೆ ಸಣ್ಣ ಸಣ್ಣ ನೆರಳು. ಹತ್ತಿರ ಹೋಗಿ ನೋಡಿದರೆ ಅಂಗಿಯ ಗುಂಡಿಗಳು! ಬಿಳಿ ಗೋಡೆಗೆ ಬಿಳಿ ಗುಂಡಿ. ಅಮ್ಮನ ಕೋಣೆಯ ಬಾಗಿಲಿನಿಂದ ಶುರುವಾಗಿ ಗೇಣಿಗೊಂದರಂತೆ ಅಂಟಿಕೊಂಡಿದ್ದವು.

“ಏನಿದು? ಗೋಡೆಗೂ ಅಂಗಿ ಹೊಲಿಯೋಕೆ ಶುರು ಮಾಡಿದ್ದಾಳಾ ಅಮ್ಮ?”

ಪೇಂಟರು ಬ್ರಶ್ಶು ಒರೆಸುತ್ತಾ ನಿಂತ. “ಎಲ್ಲಾ ಒಂದೇ ಎತ್ತರದಲ್ಲಿದೆ ಸಾರ್. ಅಮ್ಮಾವ್ರನ್ನ ಒಂದು ಮಾತು ಕೇಳಿಬಿಡಿ.”

“ಮಲಗಿದ್ದಾಳೆ. ಕೆರೆದು ಹಾಕಪ್ಪಾ.”

“ಆದ್ರೂ ಸಾರ್...”

“ಅವಳಿಗೆ ಕಣ್ಣೇ ಕಾಣಲ್ಲ. ತೆಗೆದ್ರೂ ಗೊತ್ತಾಗಲ್ಲ ಬಿಡು.”

ಪೇಂಟರು ಅಮ್ಮನ ಕೋಣೆಯ ಕಡೆ ಒಮ್ಮೆ ನೋಡಿ ಕೆರೆಯುವ ಪಟ್ಟಿ ಎತ್ತಿಕೊಂಡ. ಕೆರೆಯುವ ಸದ್ದು ಕತ್ತಲಾಗುವವರೆಗೂ ಕೇಳಿಸಿತು.

ಮರುದಿನ ಫೋಟೋದವನು ದೀಪ, ಕೊಡೆ, ಕಂಬ ಎಲ್ಲ ಹೊತ್ತು ಬಂದ. ಖಾಲಿ ಮನೆಯ ಫೋಟೋ ತೆಗೆಯಲು ಒಂದು ಲಾರಿ ಸಾಮಾನು! ಮಗ ಅಮ್ಮನ ಕೋಣೆಗೆ ಇಣುಕಿ, “ಅಮ್ಮ, ಒಂದರ್ಧ ಗಂಟೆ ಒಳಗೇ ಇರು. ಹಾಲಿನ ಫೋಟೋ ತೆಗೀತಿದ್ದಾರೆ” ಎಂದ.

“ನಾನು ಬಂದ್ರೆ ಮನೆ ತುಂಬಿಹೋಗುತ್ತೆ ಅಂತಲಾ? ಇರ್ತೀನಿ ಹೋಗು.”

ಅರ್ಧ ಗಂಟೆ ಎರಡು ಗಂಟೆಯಾಯಿತು. ಅಮ್ಮ ತಡೆಯುವಷ್ಟು ತಡೆದಳು. ಆಮೇಲೆ ಸದ್ದಿಲ್ಲದೆ ಎದ್ದು ಬಾಗಿಲು ದಾಟಿದಳು.

ಮಗ ಹಾಲಿನ ಮೂಲೆಯಿಂದ ನೋಡಿದ. ಅಮ್ಮನ ಕೈ ಗೋಡೆ ಸವರುತ್ತಿತ್ತು. ಮುಂದೆ ಸವರಿತು, ಹಿಂದಕ್ಕೆ ಬಂತು, ಮೇಲೆ, ಕೆಳಗೆ. ಕಳೆದುಹೋದ ಸೂಜಿ ಹುಡುಕುವ ಹಾಗೆ. ಅವನಿಗೆ ಮೊದಲು ಹೊಳೆದದ್ದು, ನಿನ್ನೆ ಬಳಿದ ಬಣ್ಣ ಕಲೆಯಾಗುತ್ತಲ್ಲ ಎಂದು. “ಅಮ್ಮ, ಗೋಡೆ!” ಎಂದುಬಿಟ್ಟ.

ಅಮ್ಮ ಬೆಂಕಿ ತಾಗಿದವಳಂತೆ ಕೈ ತೆಗೆದಳು. ಮಗನ ದನಿ ಬಂದ ಕಡೆ ತಿರುಗಿ ಎರಡು ಹೆಜ್ಜೆ ಇಟ್ಟಳು. ಮೂರನೆಯ ಹೆಜ್ಜೆಗೆ ನೆಲ ಇರಲಿಲ್ಲ. ಕಟಕಟೆಯೂ ಇರಲಿಲ್ಲ.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಮೂರು ವಾರ. ಅಲ್ಲಿ ಅಮ್ಮನ ಮಂಚದ ಸುತ್ತ ಸಾಮಾನೋ ಸಾಮಾನು: ನಳಿಕೆ, ಬಾಟಲಿ, ಕಂಬ, ಚೀಲ. ಮಂಚದ ಎರಡೂ ಬದಿಗೆ ಹಿಡಿದುಕೊಳ್ಳಲು ಕಬ್ಬಿಣದ ಸರಳು. ಅಮ್ಮ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಎರಡನೆಯ ವಾರ ಜ್ವರ ಎದೆಗಿಳಿಯಿತು.

“ಮಕ್ಕಳು ದಾರಿ ತಪ್ಪೋದನ್ನ ಕೇಳಿದ್ದೆ,” ಎಂದಳು ಮೂರನೆಯ ವಾರದ ಒಂದು ಮಧ್ಯಾಹ್ನ, ಉಸಿರು ಕೂಡಿಸಿಕೊಂಡು. “ನೋಡು, ನಾನೇ ದಾರಿ ತಪ್ಪಿಬಿಟ್ಟೆ.”

“ಮಾತಾಡಬೇಡಮ್ಮ, ಸುಸ್ತಾಗುತ್ತೆ.”

“ಹೇಳ್ತೀನಿ ಕೇಳು, ಬೈಬೇಡ. ನಿನ್ನ ಗೋಡೆಗೆ ಗುಂಡಿ ಅಂಟಿಸಿದ್ದೆ. ಬಚ್ಚಲಿನ ಬಾಗಿಲ ಹತ್ರ ಕೋಟಿನ ದೊಡ್ಡ ಗುಂಡಿ. ಅದು ಕೈಗೆ ಸಿಕ್ಕಿದ್ರೆ ತಲುಪಿದೆ ಅಂತ. ನನ್ನ ಹಳೇ ಡಬ್ಬೀಲಿ ಬಿಳೀದು ಮಾತ್ರ ಆರಿಸಿಕೊಡಪ್ಪ ಅಂತ ಪೇಂಟರನ್ನ ಕೇಳಿದ್ದೆ. ನಿನ್ನ ಮನೆ ಅಂದ ಕೆಡಬಾರ್ದಲ್ಲ. ಮಗನಿಗೆ ಹೇಳಬೇಡ, ಹೇಳಿದ್ರೆ ಆಯಾನ ತರ್ತಾನೆ ಅಂತ ಆಣೆನೂ ಹಾಕಿಸಿದ್ದೆ.” ಬೆರಳಿನಿಂದ ಸರಳು ಸವರಿದಳು. “ಅವತ್ತು ಒಂದೂ ಕೈಗೆ ಸಿಗಲಿಲ್ಲ ಕಣೋ. ಎಲ್ಲಾ ಉದುರಿಹೋದ್ವೇನೋ. ಗೋಂದು ಹಳೇದಾಗಿತ್ತು ಅನ್ಸುತ್ತೆ, ಅಲ್ವಾ?”

ಕೇಳಿದವಳು ಉತ್ತರಕ್ಕೆ ಕಾಯುತ್ತಿದ್ದಳು. ಬೇಡದ್ದನ್ನೆಲ್ಲ ಹೊರಗೆ ಹಾಕುವುದನ್ನೇ ಕಸುಬು ಮಾಡಿಕೊಂಡವನಿಗೆ ಒಂದು ಸತ್ಯವನ್ನು ಬಾಯಿಂದ ಹೊರಗೆ ಹಾಕಲು ಆಗಲಿಲ್ಲ.

“ಹೂಂ ಅಮ್ಮ,” ಎಂದ. “ಗೋಂದು ಹಳೇದು.”

“ನನ್ನದೇ ತಪ್ಪು, ಹೊಸದು ತರಿಸಬೇಕಿತ್ತು,” ಎಂದು ಅಮ್ಮ ಸರಳಿನ ಮೇಲಿದ್ದ ಅವನ ಕೈ ತಟ್ಟಿದಳು. ಆ ವಾರ ಮುಗಿಯುವುದರೊಳಗೆ ಹೋಗಿಬಿಟ್ಟಳು.

ಅವಳ ಕೋಣೆ ಖಾಲಿ ಮಾಡಲು ಹತ್ತು ನಿಮಿಷ ಸಾಕಿತ್ತು. ಅವನು ತಿಂಗಳಾದರೂ ಮಾಡಲಿಲ್ಲ. ಆಗ ಪತ್ರಿಕೆಯ ಸಂಪಾದಕಿ ಫೋನು ಮಾಡಿದಳು.

“ಫೋಟೋಗಳು ಅದ್ಭುತವಾಗಿ ಬಂದಿವೆ ಸಾರ್. ಒಂದೇ ಒಂದು ಕಡೆ ಗೋಡೆ ಮೇಲೆ ಚುಕ್ಕೆ ಥರ ಏನೋ ಇತ್ತು. ತಲೆ ಕೆಡಿಸ್ಕೋಬೇಡಿ, ಅಳಿಸಿಬಿಟ್ಟಿದ್ದೀವಿ.”

“ಎಲ್ಲಿ?”

“ಓಣೀಲಿ. ಕೊನೇ ಬಾಗಿಲ ಪಕ್ಕ.”

ಅವನು ಫೋನು ಇಟ್ಟು ಓಣಿಗೆ ಬಂದ. ಕಣ್ಣಿಗೆ ಏನೂ ಕಾಣಿಸಲಿಲ್ಲ. ಬಿಳಿಯ ಮೇಲೆ ಬಿಳಿ. ಅಮ್ಮನ ಕೋಣೆಯ ಬಾಗಿಲಿಗೆ ಹೋಗಿ ನಿಂತು, ಕಣ್ಣು ಮುಚ್ಚಿ, ಅಂಗೈಯನ್ನು ಗೋಡೆಗೆ ಒತ್ತಿ ನಡೆದ. ನುಣ್ಣಗೆ. ನುಣ್ಣಗೆ. ಎಷ್ಟು ದೂರ ಬಂದೆ, ಬಚ್ಚಲಿನ ಬಾಗಿಲು ಎಲ್ಲಿ, ಒಂದೂ ತಿಳಿಯಲಿಲ್ಲ. ಎರಡು ಸಲ ಹೆದರಿ ಕಣ್ಣು ತೆರೆದ.

ಮೂರನೆಯ ಸಲ ಬೆರಳಿಗೆ ಏನೋ ತಡೆಯಿತು. ಕೋಟಿನ ದೊಡ್ಡ ಗುಂಡಿ. ಪೇಂಟರು ಅದೊಂದನ್ನು ಕೆರೆದಿರಲಿಲ್ಲ, ಮೇಲೆ ಬಣ್ಣ ಬಳಿದು ಬಿಟ್ಟಿದ್ದ. ನಾಲ್ಕೂ ತೂತುಗಳಲ್ಲಿ ಬಣ್ಣ ತುಂಬಿ ಗಟ್ಟಿಯಾಗಿತ್ತು. ಅವನು ಉಗುರಿನಿಂದ ಒಂದು ತೂತಿನ ಬಣ್ಣ ಬಿಡಿಸತೊಡಗಿದ.