ಮೂರಂಚಿನ ಜೊಂಡಿನ ರಜಬ್ ಅಲಿ

ರಜಬ್ ಅಲಿಯವರು ಒಣನೆಲದ ಮೇಲೂ ಕೆಸರಿನಲ್ಲಿ ನಡೆಯುವವರಂತೆಯೇ ನಡೆಯುತ್ತಿದ್ದರು. ಹಿಮ್ಮಡಿಯನ್ನು ಮೊದಲು ಕಿತ್ತು, ಮೊಣಕಾಲನ್ನು ಎತ್ತರಕ್ಕೆ ಎತ್ತಿ, ಬೆರಳ ತುದಿಯಿಂದ ನೆಲವನ್ನು ಪರೀಕ್ಷಿಸಿ, ಅದು ಒಪ್ಪಿಕೊಂಡ ಮೇಲೆಯೇ ಪಾದ ಊರುವ ಆ ನಡಿಗೆಯನ್ನು ಮೂಡಿಗೆರೆ ಪೇಟೆಯಲ್ಲಿ ಕಂಡವರು ಕೊಕ್ಕರೆ ಬಂತೆಂದು ನಗುತ್ತಿದ್ದರು. ನಗುವವರಿಗೆ ಹಡ್ಲಿನ ಪರಿಚಯವಿರಲಿಲ್ಲ. ಎರಡು ಗುಡ್ಡಗಳ ನಡುವೆ ನೀರು ನಿಂತು, ಮೇಲೆ ಹಸಿರಾಗಿ, ಕೆಳಗೆ ಆಳ ತಿಳಿಯದಂತಿರುವ ನಮ್ಮ ಕಡೆಯ ಹಡ್ಲಿನಲ್ಲಿ ಒಬ್ಬ ಮನುಷ್ಯ ಜೀವಮಾನವೆಲ್ಲ ಜೊಂಡು ಕೊಯ್ದರೆ ಅವನ ಕಾಲು ಬೇರೆ ನಡಿಗೆಯನ್ನು ಮರೆತುಬಿಡುತ್ತದೆ.

ತನ್ನ ದೇಶಕ್ಕೆ ಹಿಂದಿರುಗಿದ ಯಾರೋ ಬಿಳಿಯ ಪ್ಲಾಂಟರು ಬಿಟ್ಟುಹೋದ ಖಾಕಿ ಕೋಟೊಂದು ಅವರ ಮೈಮೇಲೆ ಸದಾ ಇರುತ್ತಿತ್ತು. ನೀರಿಗಿಳಿಯುವಾಗ ಅದರ ಎರಡು ತುದಿಗಳನ್ನು ಬೆನ್ನ ಹಿಂದೆ ಗಂಟು ಹಾಕಿಕೊಳ್ಳುತ್ತಿದ್ದರು. ತೋಳಿನ ಮಡಿಕೆಗಳಲ್ಲಿ ಜೊಂಡಿನ ಬೀಜ ಸೇರಿಕೊಂಡಿದ್ದರಿಂದ ಅವರು ನಮ್ಮ ಜಗುಲಿಯಲ್ಲಿ ಕೂತೆದ್ದರೆ ಮತ್ತೊಮ್ಮೆ ಕಸ ಗುಡಿಸಬೇಕಾಗುತ್ತಿತ್ತು. ಮಾತಿಗೊಂದು ಪೀಠಿಕೆಯೂ ಇತ್ತು. "ಕೋಪ ಮಾಡ್ಕಬೇಡಿ ಅಮ್ಮಾವ್ರೆ, ಮಗೀಗೆ ಹಲ್ಲು ಬಂದದೆ." "ಕೋಪ ಮಾಡ್ಕಬೇಡಿ, ಈ ಸಲ ನಿಮ್ಮ ತೋಟದ ಹೂ ಚಂದ ಆಗಿದೆ." ನಮ್ಮತ್ತೆ ವಿಶಾಲಾಕ್ಷಮ್ಮನವರು ಒಮ್ಮೆ ಬೇಸತ್ತು, "ಒಂದಿನ ಕೋಪ ಬರೋ ಹಂಗೇ ಏನಾದ್ರೂ ಹೇಳು ಮಾರಾಯ, ನಿನ್ನ ಆಸೆ ತೀರಿಸ್ತೀನಿ" ಅಂದಿದ್ದರು.

ನಮ್ಮ ಕಾಫಿ ತೋಟದ ಕೆಳಗಿನ ಹಡ್ಲು ಮಾವನವರ ಕಾಲದಿಂದಲೂ ಅವರ ಕೊಯ್ಲಿಗೇ ಮೀಸಲು. ಅಲ್ಲಿ ಬೆಳೆಯುತ್ತಿದ್ದ ಜೊಂಡು ದೂರಕ್ಕೆ ಹುಲ್ಲಿನಂತೆ ಕಂಡರೂ ಹುಲ್ಲಲ್ಲ. ಹುಲ್ಲಿನ ಕಡ್ಡಿಗೆ ಗೆಣ್ಣಿದೆ; ಇದಕ್ಕೆ ಬುಡದಿಂದ ತಲೆಯವರೆಗೆ ಒಂದೂ ಗೆಣ್ಣಿಲ್ಲ. ಎಲೆಗಳೆಲ್ಲ ಬುಡದಲ್ಲೇ ಉಳಿದು, ನುಣ್ಣನೆಯ ಕಡ್ಡಿಯೊಂದೇ ಮೇಲೇರಿ, ತುದಿಯಲ್ಲಿ ಉದ್ದನೆಯ ಕೆಲವು ಎಲೆಗಳ ನಡುವೆ ಕಂದು ತೆನೆಯನ್ನು ಕೊಡೆಯಂತೆ ಬಿಚ್ಚುತ್ತದೆ. ಬೆರಳ ನಡುವೆ ಹೊರಳಿಸಿದರೆ ಮೂರು ಅಂಚು ತಾಗುತ್ತವೆ, ಒಳಗೆ ಬಿಳಿ ತಿರುಳು ತುಂಬಿರುತ್ತದೆ. ಕಡ್ಡಿ ಚಾಪೆಗಾಯಿತು, ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನಮ್ಮ ಪಾರ್ಚ್‌ಮೆಂಟ್ ಕಾಫಿ ಒಣಗುತ್ತಿದ್ದುದೂ, ಬಾಣಂತಿಯರು ಮಲಗುತ್ತಿದ್ದುದೂ ಅದರ ಮೇಲೆಯೇ. ಕೆಸರಿನೊಳಗೆ ಹರಿದಾಡುವ ಕರಿ ಸಿಪ್ಪೆಯ ಬೇರುಗಡ್ಡೆಯನ್ನು ಒಣಗಿಸಿ ಸೀರೆಯ ಪೆಟ್ಟಿಗೆಯಲ್ಲಿಟ್ಟರೆ ಮಳೆಗಾಲದ ಮುಗ್ಗಲು ವಾಸನೆ ಹತ್ತಿರ ಸುಳಿಯುವುದಿಲ್ಲ. ಹಳೆಯ ಚಾಪೆ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೊಬ್ಬರಕ್ಕೆ.

ಕೊಯ್ಲಿನ ವಿಷಯದಲ್ಲಿ ಮಾತ್ರ ಅವರು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಸ್ವಾತಿ ಮಳೆ ಕಳೆದು, ತೆನೆ ಕಂದಾಗಿ, ಕಡ್ಡಿ ಕುಡಿದ ನೀರನ್ನು ಬಿಟ್ಟುಕೊಡುವವರೆಗೆ ಕುಡುಗೋಲು ಮಾಡಿನಿಂದ ಇಳಿಯುತ್ತಿರಲಿಲ್ಲ. ಈ ಹಟ ಅವರ ಮನೆಯೊಳಗೇ ಬಂದು ನಿಂತದ್ದು ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ. ಹೆಂಡತಿ ತೀರಿದ ಮೇಲೆ ಅವರೇ ಎತ್ತಿ ಆಡಿಸಿ ಬೆಳೆಸಿದ ಒಬ್ಬಳೇ ಮಗಳು ಇಸ್ಮತ್. ಆಲ್ದೂರಿನಲ್ಲಿ ಬಸ್ಸಿನ ಮೆಕ್ಯಾನಿಕ್ ಆಗಿದ್ದ ಹಬೀಬುರ್ರಹ್ಮಾನನಿಗೆ ಅವಳನ್ನು ಕೊಡುವುದೆಂದು ನಿಶ್ಚಯವಾಗಿತ್ತು. ಚಳಿಗಾಲಕ್ಕೆಂದಿದ್ದ ನಿಕಾವನ್ನು ಗಂಡಿನ ಕಡೆಯವರು ರಂಜಾನಿಗೆ ಮೊದಲೇ ಆಗಲಿ ಅಂದರು. ಹಸ್ತದ ಮಳೆ ಇನ್ನೂ ಬಿಟ್ಟಿರಲಿಲ್ಲ, ಹಡ್ಲು ಹಸಿರಾಗಿ ತೂಗುತ್ತಿತ್ತು; ಹಿಂದಿನ ವರ್ಷದ ಜೊಂಡೆಲ್ಲ ಊರವರ ಚಾಪೆಗಳಿಗೇ ಮುಗಿದುಹೋಗಿತ್ತು. ರಜಬ್ ಅಲಿಯವರ ಮನೆತನದಲ್ಲಿ ಹೆಣ್ಣು ಅಪ್ಪ ನೇಯ್ದ ಚಾಪೆಯನ್ನು ಒಯ್ದು ಗಂಡನ ಮನೆಯಲ್ಲಿ ಹಾಸಬೇಕು. ಮಿಕ್ಕ ಸಾಮಾನು ಒಳಗೆ ಬರುವುದು ಅದರ ಹಿಂದೆ. ಊರ ಹೆಣ್ಣುಮಕ್ಕಳಿಗೆಲ್ಲ ಚಾಪೆ ಕೊಟ್ಟ ಕೈಯಲ್ಲಿ ಸ್ವಂತ ಮಗಳಿಗೆ ಚಾಪೆ ಇಲ್ಲದಂತಾಯಿತು.

ಬೀಗರಾಗುವ ಅಬ್ದುಲ್ಲಾ ಗಾಡಿ ವ್ಯಾಪಾರದವರು, ದೊಡ್ಡ ಗಂಟಲು, ಒಳ್ಳೆಯ ಮನಸ್ಸು. ಈ ಕಷ್ಟ ಕೇಳಿ ಆಲ್ದೂರಿನ ಕೆರೆಯಿಂದ ಒಂದು ಗಾಡಿ ಒಣ ಜೊಂಡನ್ನು ತಾವೇ ಹೇರಿಸಿಕೊಂಡು ಬಂದರು. ರಜಬ್ ಅಲಿಯವರ ಮನೆಗೆ ಹಾಲು ಕೊಡಲು ಹೋಗಿದ್ದ ನಾನು ಅಲ್ಲಿಯೇ ನಿಂತಿದ್ದೆ.

"ಇನ್ನೇನು ನೆಪ ಬೀಗರೆ? ಆಳೆತ್ತರ ಇದೆ ನೋಡಿ!"

ರಜಬ್ ಅಲಿಯವರು ಒಂದು ಕಡ್ಡಿ ಎಳೆದು ಬೆರಳಲ್ಲಿ ಹೊರಳಿಸಿದರು. "ಇದು ದುಂಡಗಿದೆ."

"ಚಾಪೆ ಚಪ್ಪಟೆ ಇದ್ರೆ ಸಾಕಲ್ಲ ಮಾರಾಯ್ರೆ!"

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಕಡ್ಡಿಯನ್ನು ಉಗುರಿನಿಂದ ಒತ್ತುತ್ತ ಹೋದರು; ಒಳಗಿನ ಗಾಳಿಗೂಡುಗಳು ಪಟ್ ಪಟ್ ಎಂದು ಒಡೆದವು. "ಇದ್ರ ಹೊಟ್ಟೇಲಿ ಬರೀ ಗಾಳಿ. ಮೊದಲ್ನೇ ಮಡಿಕೆಗೆ ಮುರೀತದೆ. ನಾನು ಇದನ್ನ ನೇಯಲ್ಲ."

ಕೋಪ ಮಾಡಿಕೊಳ್ಳಬೇಡಿ ಎಂದು ನಿಜವಾಗಿ ಹೇಳಬೇಕಾಗಿದ್ದ ಆ ಗಳಿಗೆಯಲ್ಲಿ ಅವರು ಹಾಗೆ ಹೇಳಲೇ ಇಲ್ಲ. ಅಬ್ದುಲ್ಲಾರ ಮುಖ ಕಪ್ಪಿಟ್ಟಿತು. "ಹಂಗಾದ್ರೆ ಮಗಳ್ನ ಬರಿಗೈಲಿ ಕಳಿಸಿ. ನಮ್ಮನೆ ಹೆಂಗಸ್ರ ಬಾಯಿ ನಿಮಗೆ ಗೊತ್ತಿಲ್ಲ" ಎಂದು ಗಾಡಿ ತಿರುಗಿಸಿದರು.

ಒಳಗಿನಿಂದ ಇಸ್ಮತ್ ಬಂದಳು. "ಅಬ್ಬಾ, ನಮ್ಮ ಹಡ್ಲಿಂದೇ ಒಂದು ಹೊರೆ ಹಸೀದೇ ಕೊಯ್ದುಬಿಡಿ. ಯಾರಿಗ್ ಗೊತ್ತಾಗ್ತದೆ?"

"ಹಸೀದು ನೇಯ್ದಾಗ ಬಿಗಿ, ಒಣಗಿದ್ಮೇಲೆ ಸಡಿಲ. ಸಂದು ಬಿಟ್ಟು ನಿನ್ನ ಬೆನ್ನಿಗೆ ಒತ್ತತದೆ ಮಗಳೆ."

"ಹಂಗಾದ್ರೆ ನನ್ನ ಹಡ್ಲಿಗೇ ಕೊಟ್ಟು ಮದುವೆ ಮಾಡಿ, ಚಾಪೆ ಅಲ್ಲೇ ಬೆಳೀತದೆ" ಎಂದು ನಗಲು ಹೋದವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಇಸ್ಮತ್ ಚಾಪೆಯಿಲ್ಲದೆಯೇ ಹೋದಳು. ಆಲ್ದೂರಿನಲ್ಲಿ ಅತ್ತೆ ರೌಶನ್ ಬೀ ಬಂದು ಹೋದವರಿಗೆಲ್ಲ ತೋರಿಸಿ, "ಚಾಪೆ ನೇಯೋರ ಮಗಳು, ನೋಡಿ, ನಮ್ಮ ಬರಿನೆಲ ನಂಬ್ಕೊಂಡು ಬಂದವ್ಳೆ" ಅನ್ನುತ್ತಿದ್ದರಂತೆ. ಗಂಡ ಸಂತೆಯಿಂದ ಚಾಪೆ ತಂದರೆ ಇವಳು ಅದನ್ನು ಸುತ್ತಿ ಮೂಲೆಗೆ ಒರಗಿಸಿ, ಕಾಫಿ ಗೋಣಿಯೊಂದನ್ನು ಬಿಚ್ಚಿ ಹಾಸಿಕೊಂಡು ಮಲಗಿದಳು. ಇದನ್ನೆಲ್ಲ ಅವಳೇ ಮೊದಲ ಹೆರಿಗೆಗೆ ಬಂದಾಗ ನಮ್ಮ ಹಿತ್ತಿಲಲ್ಲಿ ಕೂತು ನನಗೆ ಹೇಳಿದ್ದು.

ಇಲ್ಲಿ ರಜಬ್ ಅಲಿಯವರು ದಿನವೂ ಹಡ್ಲಿನ ಅಂಚಿಗೆ ಹೋಗಿ ತೆನೆಯ ಬಣ್ಣ ನೋಡಿ ಬರುತ್ತಿದ್ದರು. ಊಟ ತಗ್ಗಿತು, ಕೋಟು ಇನ್ನೂ ದೊಡ್ಡದಾಗಿ ಕಾಣತೊಡಗಿತು. ಅಂತೂ ಸ್ವಾತಿ ಕಳೆದು ತೆನೆ ಕಂದಾದಾಗ ನೀರಿಗಿಳಿದು, ಬುಡ ನೀರಿನ ಮೇಲೆ ಉಳಿಯುವಂತೆ ಕೊಯ್ದರು. ನೀರೊಳಗೆ ಕೊಯ್ದರೆ ಬೇರುಗಡ್ಡೆ ಕೊಳೆಯುತ್ತದೆ. ಅಂಚು ಹಿಡಿದು ಸೀಳಿ, ತಿರುಳು ಕೆರೆದು, ಬಿಸಿಲಿಗೂ ಇಬ್ಬನಿಗೂ ಒಡ್ಡಿ, ಹರಿವ ನೀರಿನಲ್ಲಿ ನೆನೆಸಿ, ಉದ್ದಕ್ಕೆ ಬಿಗಿದ ಕತ್ತಾಳೆ ನಾರಿನ ಹಾಸಿನಲ್ಲಿ ನೇಯ್ದರು. ಬಸ್ಸಿನ ಮೇಲೆ ಕಟ್ಟಿದರೆ ಸುರುಳಿ ಬಾಗುತ್ತದೆಂದು ತಲೆಯ ಮೇಲೆ ಹೊತ್ತು ಆಲ್ದೂರಿಗೆ ನಡೆದೇ ಹೋದರು.

ಹೋದವರು ಚಾಪೆಯನ್ನು ಬಾಗಿಲ ಹೊರಗೆ ನಿಲ್ಲಿಸಿ, ಮೊದಲು ಮಗಳು ಮಲಗುವ ಜಾಗ ತೋರಿಸಿ ಅಂದರಂತೆ. ಗೋಣಿಯನ್ನು ಕೈಯಲ್ಲಿ ಸವರಿ ಅಲ್ಲಿಯೇ ಕುಕ್ಕುರುಗಾಲಲ್ಲಿ ಕೂತರು.

"ನೆಲ ತಣ್ಣಗಿತ್ತೇನವ್ವ?"

"ಇಲ್ಲ ಅಬ್ಬಾ" ಎಂದಳು ಇಸ್ಮತ್. ತಣ್ಣಗಿತ್ತು.

ರೌಶನ್ ಬೀ ಹೊರಗಿದ್ದ ಚಾಪೆಯನ್ನು ತಾವೇ ಎತ್ತಿ ತಂದು ಸೊಸೆಯ ಕೈಗೆ ಕೊಟ್ಟರು. ಅವಳು ಹಾಸಿದಳು. ರೌಶನ್ ಬೀ ಅಂಗೈಯಿಂದ ನೇಯ್ಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿ, "ಮೊದ್ಲು ನೀನು ಕೂತ್ಕೊ" ಅಂದರು.

ನಾನು ನನ್ನ ಆಯುಷ್ಯದಲ್ಲಿ ಇಂಥವರನ್ನು ಇನ್ನೂ ಒಬ್ಬಿಬ್ಬರನ್ನು ಕಂಡಿದ್ದೇನೆ. ಹೊರಗಿನವರಿಗೆ ಇವರು ಮೃದುವಾಗಿ ತೋರುತ್ತಾರೆ, ಒಳಗಿನವರಿಗೆ ಕಲ್ಲಾಗಿ. ಕೆಟ್ಟ ಕೆಲಸವೊಂದನ್ನು ಮಾಡಿಕೊಟ್ಟು ಪ್ರೀತಿಯವರ ಕಣ್ಣೀರು ಒರೆಸುವುದು ಇವರಿಂದ ಆಗುವುದಿಲ್ಲ. ಆಗಲಿಲ್ಲವೆಂಬ ಸಂಕಟದಲ್ಲಿ ತಾವೂ ಸೊರಗುತ್ತಾರೆ. ಇವರು ಕೊಡುವುದು ಬೇಕೆಂದ ಹೊತ್ತಿಗೆ ಬರುವುದಿಲ್ಲ, ಬಂದ ಮೇಲೆ ಮುರಿಯುವುದೂ ಇಲ್ಲ. ಆದರೆ ಅದು ಬರುವವರೆಗೆ ಗೋಣಿಯ ಮೇಲೆ ಮಲಗಿ, ನೆಲ ತಣ್ಣಗಿರಲಿಲ್ಲ ಎನ್ನಬಲ್ಲವರೊಬ್ಬರು ಅಂಥವರ ಪಾಲಿಗೆ ಇರಬೇಕಾಗುತ್ತದೆ.