ಹೆರಿಗೆ: ಒಂದು

"ಹೆರಿಗೆ ಎಷ್ಟು?" ಎಂದು ಡಾಕ್ಟರಮ್ಮ ಕೇಳಿದಾಗ ಬುರುಲ್ ಎಕ್ಸ್‌ರೇ ಮುಗಿಸಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಳು. ಎದೆಯಲ್ಲಿ ಕ್ಷಯದ ಕಲೆ ಸಿಕ್ಕಿ ಅಮೆರಿಕದ ವೀಸಾ ತಪ್ಪಿಹೋದರೆ ಎಂಬ ಹೆದರಿಕೆಯಲ್ಲೇ ಇದ್ದವಳು, ಯೋಚಿಸದೆ "ಒಂದು" ಎಂದುಬಿಟ್ಟಳು.

ಡಾಕ್ಟರಮ್ಮ ಕಾಗದ ನೋಡಿದರು. "ಅರ್ಜೀಲಿ ಮಕ್ಕಳಿಲ್ಲ ಅಂತ ಬರ್ದಿದೀಯಲ್ಲಮ್ಮ."

"ಅದು ನಮ್ಮತ್ತೆ ಮಗು."

"ಹೆತ್ತೋಳು ನೀನಾ, ನಿಮ್ಮತ್ತೇನಾ?"

ಬುರುಲ್ ಹುಟ್ಟಿ ಬೆಳೆದ ನರಿನ್ ಎಂಬ ಬೆಟ್ಟದ ಸೀಮೆಯ ಮನೆಗಳಲ್ಲಿ ಚೊಚ್ಚಲ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿದರೆ ಯಾರೂ ಏಕೆಂದು ಕೇಳುವುದಿಲ್ಲ. ಮೀರಿಮ್ ಹುಟ್ಟಿದ ನಲವತ್ತನೇ ದಿನ ಹಾಗೇ ಆಗಿತ್ತು. ಜನನ ಪತ್ರದಲ್ಲೂ ಅತ್ತೆಯೇ ತಾಯಿ. ಹುಡುಗಿ ಬುರುಲ್‌ಳನ್ನು ಅಕ್ಕ ಎನ್ನುತ್ತಾಳೆ. ಗಂಡ ರಷ್ಯಾದಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಬುರುಲ್ ಒಂದು ಚೀಲ ಹಿಡಿದು ರಾಜಧಾನಿ ಬಿಷ್ಕೆಕ್‌ನ ಹೊಲಿಗೆ ಕಾರ್ಖಾನೆ ಸೇರಿದಳು. ಅತ್ತೆಯ ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎನ್ನಲು ಬಾಯಾದರೂ ಎಲ್ಲಿತ್ತು? ಆರು ವರ್ಷದ ಮೇಲೆ ಗ್ರೀನ್ ಕಾರ್ಡ್ ಲಾಟರಿ ಹೊಡೆಯಿತು. ಅದರ ಅರ್ಜಿಯ ಮಕ್ಕಳ ಕಾಲಂನಲ್ಲಿ ಸೊನ್ನೆ ಬರೆದಾಗ ಅದು ಸುಳ್ಳೆಂದು ಅವಳಿಗೆ ಅನ್ನಿಸಿರಲೇ ಇಲ್ಲ.

"ನಾನೂ ಅಜ್ಜೀನೇ ಅಮ್ಮ ಅಂದ್ಕೊಂಡು ಬೆಳ್ದೋಳು," ಎಂದರು ಡಾಕ್ಟರಮ್ಮ. "ಆದ್ರೆ ಒಂದು ಅಂತ ನೀನೇ ಹೇಳ್ದೆ. ಹಾಗೇ ಬರೀಬೇಕು."

ವೀಸಾಕ್ಕೆಂದೇ ಗಡಿ ದಾಟಿ ಬಂದಿದ್ದ ಅಲ್ಮಾಟಿಯಲ್ಲಿ ಬುರುಲ್‌ಗೆ ಗುರುತಿನವರು ಯಾರೂ ಇಲ್ಲ. ಮಂಚ ಬಾಡಿಗೆಗೆ ಕೊಟ್ಟಿದ್ದ ಉಲ್ಜಾನ್ ಎಂಬಾಕೆ ಮಾತ್ರ ಹಾಲು ಚಹಾ ಬಗ್ಗಿಸುತ್ತಾ ಎಲ್ಲ ಕೇಳಿಸಿಕೊಂಡಳು. "ಇರೋ ಮಗೂನ ಮುಚ್ಚಿಟ್ಟೆ ಅಂದ್ರೆ ಕಥೆ ಮುಗೀತು. ಹುಟ್ಟಿ ಸತ್ತೋಯ್ತು ಅಂದ್ಬಿಡು, ಆಗ ತಪ್ಪೇ ಇಲ್ಲ. ಯಾರು ಗೋರಿ ಅಗೆದು ನೋಡ್ತಾರೆ?"

ನಾಲ್ಕು ದಿನ ಬುರುಲ್ ಗುರುತಿಲ್ಲದ ಬೀದಿಗಳಲ್ಲಿ ತಿರುಗುತ್ತಾ ಆ ಮಾತನ್ನು ಬಾಯಿಪಾಠ ಮಾಡಿದಳು. ಅಷ್ಟು ಒಂಟಿಯಾಗಿ ಅವಳು ಎಂದೂ ಇರಲಿಲ್ಲ. ಮಾತಿಗೆ ಸಿಕ್ಕುತ್ತಿದ್ದುದು ಅದೊಂದೇ ವಾಕ್ಯ.

ಕಾನ್ಸುಲೇಟಿನ ಗಾಜಿನಾಚೆ ಕೂತಿದ್ದ ಅಧಿಕಾರಿ ಎಳೆಯ ವಯಸ್ಸಿನವನು, ಒಳ್ಳೆಯವನಂತೆಯೇ ಕಂಡ. ಅವನ ಪ್ರಶ್ನೆಯನ್ನು ದುಭಾಷಿ ಹೆಂಗಸು ತಿಳಿಸಿದಳು. "ಒಂದು ಹೆರಿಗೆ ಅಂತ ಇದೆ. ಆ ಮಗು ಏನಾಯ್ತು?"

ಬುರುಲ್ ಬಾಯಿ ತೆರೆದಳು. "ಮೂರನೇ ಕ್ಲಾಸು," ಎಂದಳು. ಆಮೇಲೆ ತಡೆಯಲಾಗಲಿಲ್ಲ. "ಲೆಕ್ಕ ಒಂಚೂರು ಕಷ್ಟ ಅವ್ಳಿಗೆ. ಹಾಡು ಚೆನ್ನಾಗಿ ಹೇಳ್ತಾಳೆ."

ಕೊನೆಯ ಎರಡು ಮಾತನ್ನು ದುಭಾಷಿ ಅಧಿಕಾರಿಗೆ ತಿಳಿಸಲಿಲ್ಲ. "ಹೆಸ್ರು?" ಎಂದಳು.

"ಮೀರಿಮ್."

"ನಿಮಗೇನಾಗ್ಬೇಕು?"

"ಮಗಳು."

ಹತ್ತು ನಿಮಿಷದಲ್ಲಿ ಪಾಸ್‌ಪೋರ್ಟು, ಜೊತೆಗೊಂದು ಹಾಳೆ ಕಿಟಕಿಯ ಕೆಳಗಿಂದ ಈಚೆ ಬಂದವು. ಅಮೆರಿಕ ಮುಗಿದಿತ್ತು. ಬುರುಲ್‌ಗೆ ಅಳು ಬಂತು, ಹೊರಗೆ ಬಂದು ಅತ್ತಳು. ಕಣ್ಣೊರೆಸಿಕೊಂಡು ಹಾಳೆ ಓದಿದವಳು ಇನ್ನೊಮ್ಮೆ ಓದಿದಳು. ಆಮೇಲೆ ರಸ್ತೆ ದಾಟಿ ಝೆರಾಕ್ಸ್ ಅಂಗಡಿಗೆ ಹೋದಳು.

"ಇದು ವೀಸಾ ಇಲ್ಲ ಅನ್ನೋ ಕಾಗ್ದ ಕಣೆ," ಎಂದಳು ಅಂಗಡಿಯವಳು. "ಎಲ್ರೂ ಹರ್ದು ಬುಟ್ಟಿಗ್ ಹಾಕ್ತಾರೆ. ನೀನೊಬ್ಳು ಲ್ಯಾಮಿನೇಷನ್ ಮಾಡಿಸ್ತೀಯ. ತಲೆ ಸರಿಯಿದೆ ತಾನೆ?"

"ಮಾಡಿಕೊಡಿ."

ಕಾರಣ ಎಂಬ ಅಚ್ಚಿನ ಪದದ ಕೆಳಗೆ ನೀಲಿ ಶಾಯಿಯಲ್ಲಿ ಬರೆದಿತ್ತು: ಅರ್ಜಿಯಲ್ಲಿ ತೋರಿಸದ ಮಗು, ಮೀರಿಮ್. ತಾಯಿ, ಬುರುಲ್. ಕೆಳಗೆ ಸಹಿ, ದುಂಡನೆಯ ಮೊಹರು.

ತಣ್ಣಗಾಗಲಿ ಇರು ಎಂದು ಅಂಗಡಿಯವಳು ಹೇಳುತ್ತಲೇ ಇದ್ದಳು. ಬುರುಲ್ ಆ ಬಿಸಿ ಹಾಳೆಯನ್ನು ಕೋಟಿನೊಳಗೆ ಇಳಿಸಿಕೊಂಡು ಬಸ್ಸಿನ ಕಡೆ ನಡೆದಳು.